ಬ್ರಾಕೆಟ್ಟಿನೊಳಗಿನ ಹತ್ತು ನಿಮಿಷ

ಹೊಸದಾಗಿ ಸೇರಿದ ಕಿರಿಯ ತಂತ್ರಜ್ಞೆ ಟವರಿನ ಬುಡದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೊನೆಯ ಕಮಾಂಡ್ ಒತ್ತಿದ್ದೇ ತಡ, ಟವರಿನ ತುದಿಯ ವೈರ್‌ಲೆಸ್ ಪೆಟ್ಟಿಗೆಯ ಸಂಪರ್ಕ ಕಡಿದುಹೋಯಿತು. ಹಿರಿಯ ತಂತ್ರಜ್ಞರು ಹಣೆ ಚಚ್ಚಿಕೊಂಡು, ನೋಯುವ ಮಂಡಿ ಹಿಡಿದುಕೊಂಡೇ ಟವರ್ ಹತ್ತುವ ಬೆಲ್ಟಿಗೆ ಕೈ ಹಾಕಿದರು.

ಅವಳು ಬೆಲ್ಟನ್ನು ಅದುಮಿ ಹಿಡಿದಳು. "ಹತ್ಬೇಡಿ ಸರ್. ಸಂಪರ್ಕ ಹೋದ್ರೆ ಹತ್ತು ನಿಮಿಷಕ್ಕೆ ತಾನಾಗೇ ರೀಸ್ಟಾರ್ಟ್ ಆಗಿ ಹಳೇ ಸೆಟ್ಟಿಂಗ್‌ಗೆ ಬರೋ ಕಮಾಂಡ್ ಮೊದಲೇ ಹಾಕಿದೀನಿ."

"ಕೈಪಿಡೀಲಿ ಆ ಕಮಾಂಡ್ ಚೌಕ ಬ್ರಾಕೆಟ್ಟಲ್ಲಿದೆಯಲ್ಲಮ್ಮಾ! ಅಂದ್ರೆ ಹಾಕಿದ್ರೂ ಸರಿ, ಬಿಟ್ರೂ ಸರಿ. ಹದಿನೈದು ವರ್ಷದಿಂದ ನಾನು ಬಿಟ್ಕೊಂಡೇ ಬಂದಿದೀನಿ."

"ಅದಕ್ಕೇ ಹದಿನೈದು ವರ್ಷದಿಂದ ಟವರ್ ಹತ್ತುತ್ತಾನೇ ಇದೀರಿ."

ಹತ್ತು ನಿಮಿಷ ಕಳೆಯಿತು. ಅವರು ಮತ್ತೆ ಬೆಲ್ಟಿಗೆ ಕೈ ಚಾಚಿದರು. ಅವಳು ಬೆಲ್ಟು ಬಿಡಲಿಲ್ಲ. ಪೆಟ್ಟಿಗೆ ರೀಸ್ಟಾರ್ಟ್ ಆಗಿ ಮುಗಿಸಲು ಇನ್ನೆರಡು ನಿಮಿಷ ಹಿಡಿಯಿತು; ಹನ್ನೆರಡನೇ ನಿಮಿಷಕ್ಕೆ ಸಂಪರ್ಕ ಮರಳಿತು. ಹಿರಿಯರು ಕೂತು, ಜೇಬಿನಿಂದ ಪೆನ್ನು ತೆಗೆದು, ಕೈಪಿಡಿಯ ಆ ಸಾಲಿನ ಎರಡೂ ಬ್ರಾಕೆಟ್ಟುಗಳನ್ನು ಹೊಡೆದುಹಾಕಿದರು.