ಇವತ್ತಿನ ಅಪಾಯ ಎಷ್ಟು

ಗುರುತಿನ ಚೀಟಿ, ಆಫೀಸಿನ ಫೋನು, ಡ್ರಾಯರಿನ ಬೀಗದ ಕೈ ಮೂರನ್ನೂ ಅವಳು ಮೇಜಿನ ಮೇಲಿಟ್ಟಳು. ಇನ್ನೆರಡು ವಾರ ಕಡ್ಡಾಯ ರಜೆ. ದೊಡ್ಡ ಬ್ಯಾಂಕುಗಳ ಪದ್ಧತಿಯೇ ಅದು. ಯಾರಾದರೂ ಒಳಗೊಳಗೇ ಏನಾದರೂ ನಡೆಸುತ್ತಿದ್ದರೆ, ಅವರು ಕುರ್ಚಿ ಬಿಟ್ಟಾಗಲೇ ಬಯಲಾಗುವುದು.

ಬಯಲಾಗಬಾರದ್ದು ಅವಳದೂ ಒಂದಿತ್ತು.

ಅವಳು ಅಪಾಯ ನಿರ್ವಹಣಾ ವಿಭಾಗದ ಹಿರಿಯ ಅಧಿಕಾರಿ. ದಿನಾ ಬೆಳಿಗ್ಗೆ ಒಂದರಿಂದ ಹತ್ತರೊಳಗೆ ಒಂದು ಅಂಕಿ ಕೊಡಬೇಕು: ಇವತ್ತಿನ ಅಪಾಯ ಎಷ್ಟು? ಅಂಕಿ ಏರಿದರೆ ಬ್ಯಾಂಕು ಸಾಲದ ಬಾಗಿಲು ಮುಚ್ಚುತ್ತಿತ್ತು, ಇಳಿದರೆ ತೆರೆಯುತ್ತಿತ್ತು. ಅದರ ಹಿಂದೆ ಎಂಥ ಗಣಿತವಿದೆಯೋ ಎಂದು ಮೇಲಿನವರೆಲ್ಲ ತಲೆದೂಗುತ್ತಿದ್ದರು. ಹಿಂದಿದ್ದದ್ದು ಅತ್ತೆಯ ಎಡಮಂಡಿ.

ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮನೆಯಲ್ಲಿ ಕಂಪ್ಯೂಟರ್ ಕೈಕೊಟ್ಟು ಅವಳು ಪರದಾಡುತ್ತಿದ್ದಾಗ, ಅತ್ತೆ ಮಂಡಿ ನೀವಿಕೊಳ್ಳುತ್ತ, ಇವತ್ತು ನೋವು ಹತ್ತಕ್ಕೆ ಎಂಟು ಇದೆ, ಹುಷಾರಮ್ಮ ಎಂದಿದ್ದರು. ಬೇರೆ ದಾರಿ ಕಾಣದೆ ಎಂಟು ಎಂದೇ ಕಳಿಸಿದಳು. ಮಧ್ಯಾಹ್ನ ಮಾರುಕಟ್ಟೆ ಮಕಾಡೆ ಮಲಗಿತು. ಅವಳಿಗೆ ಬಡ್ತಿ ಬಂತು. ಆಮೇಲೆ ಲೆಕ್ಕದ ಗೋಜಿಗೇ ಹೋಗಲಿಲ್ಲ.

ಮಂಡಿ ಬಲು ಚುರುಕು. ಗಂಡನೊಡನೆ ಮಾತಿಗೆ ಮಾತು ಬೆಳೆದು ಅವಳು ನಿದ್ದೆಗೆಟ್ಟು ಎದ್ದ ದಿನ ಏಳು ಬಂತು. ಹೊರಗೆ ಮೋಡ ಮುಸುಕಿತ್ತು, ಥಂಡಿ ಹಿಡಿದಿರಬೇಕು. ನಾದಿನಿ ಮಕ್ಕಳೊಂದಿಗೆ ಬಂದು ಕೂತ ವಾರ ಪೂರ್ತಿ ಒಂಬತ್ತು. ಮೊಮ್ಮಕ್ಕಳ ಹಿಂದೆ ಓಡಾಡಿ ಮುದುಕಿ ಸೋತಿರಬೇಕು. ಆ ವಾರ ಬ್ಯಾಂಕು ಯಾರಿಗೂ ಬಿಡಿಗಾಸು ಕೊಡಲಿಲ್ಲ.

ಹೊರಡುವ ಮುನ್ನ, ತನ್ನ ಜಾಗಕ್ಕೆ ಬಂದ ಹುಡುಗಿಯನ್ನು ಮೂಲೆಗೆ ಕರೆದು ಮನೆಯ ಫೋನ್ ನಂಬರು ಕೊಟ್ಟಳು. ಹಿರಿಯ ಸಲಹೆಗಾರರೊಬ್ಬರು ದಿನಾ ಅಂಕಿ ಹೇಳುತ್ತಾರೆ, ಯಾಕೆ, ಹೇಗೆ ಎಂದು ಕೇಳಕೂಡದು ಎಂದಳು.

"ಅಷ್ಟು ದೊಡ್ಡೋರಾ ಮೇಡಂ?"

"ಅವರೆದುರು ನಾನೂ ತುಟಿ ಪಿಟಕ್ ಅನ್ನಲ್ಲ."

ಗಂಡ ಅದೇ ಹೊತ್ತಿಗೆ ಕೆಲಸದ ಮೇಲೆ ಪರವೂರಿಗೆ ಹೋದ. ಅವಳು ಹೊತ್ತೇರುವವರೆಗೆ ಮಲಗಿದಳು. ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿ ಮುಗಿಸಿದಳು. ತನಗೇ ಅರಿವಿಲ್ಲದೆ ಹಾಡು ಗುನುಗತೊಡಗಿದಳು. ಬೆಳಿಗ್ಗೆ ಅತ್ತೆ ಕೋಣೆಯೊಳಗೆ ಇಣುಕಿ ಹೋಗುವುದು ನಿದ್ದೆಗಣ್ಣಿಗೆ ಕಾಣುತ್ತಿತ್ತು. ಆಮೇಲೆ ಫೋನಿನಲ್ಲಿ ಅವರ ದನಿ: ನಾಲ್ಕು. ಕೆಲವು ದಿನ ಕಳೆದು, ಎರಡು. ಕೊನೆಕೊನೆಗೆ ಬರೀ ಒಂದು. ಹೊಸ ತೈಲ ಮಂಡಿಗೆ ಹಿಡಿಸಿದೆ ಎಂದುಕೊಂಡಳು.

ರಜೆ ಮುಗಿಸಿ ಹೋದಾಗ ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಸಿದರು. ಅಪಾಯವೇ ಇಲ್ಲವೆಂದು ಬ್ಯಾಂಕು ಕೇಳಿದವರಿಗೆಲ್ಲ ಸಾಲ ಕೊಟ್ಟಿತ್ತು, ಮರಳುಗಾಡಿನಲ್ಲಿ ದೋಣಿ ಮಾರುವವನಿಗೂ.

"ನೀವು ಕೂತಿದ್ದಷ್ಟು ದಿನ ಅಪಾಯ, ಎದ್ದು ಹೋದ ಕೂಡ್ಲೇ ಇಲ್ಲ," ಎಂದರು ಅವರು. "ನಾಳೆ ಇದಕ್ಕೊಂದು ಉತ್ತರ ತನ್ನಿ. ಇಲ್ಲಾಂದ್ರೆ ಮನೇಲೇ ಇರಿ."

ಬ್ಯಾಗು ಹೆಗಲಲ್ಲಿರುವಾಗಲೇ ಅವಳು ಅತ್ತೆಯ ಎದುರು ಬಂದು ನಿಂತಳು.

"ಅತ್ತೆ, ನನ್ನ ಕೆಲಸ ಹೋಗೋ ಹಾಗಿದೆ. ಎರಡೇ ವಾರದಲ್ಲಿ ನಿಮ್ಮ ಮಂಡಿ ಹೇಗೆ ವಾಸಿಯಾಯ್ತು?"

ಅತ್ತೆ ಕನ್ನಡಕ ಮೇಲೇರಿಸಿ ಅವಳನ್ನೇ ದಿಟ್ಟಿಸಿದರು.

"ವಾಸಿ ಎಲ್ಲಿ ಬಂತು? ಆ ನೋವು ಯಾವತ್ತೂ ಒಂದೇ ಥರ ಕಣಮ್ಮ. ನಾನು ದಿನಾ ನಿನ್ನ ಮುಖ ನೋಡಿ ಅಂಕಿ ಹೇಳ್ತಿದ್ದೆ. ಇವತ್ತು ಹತ್ತು."