ಶಿವಬಸವ್ವನ ಮೀನು

ಅರ್ಧ ಹೆಣೆದಿದ್ದ ಮೀನನ್ನು ಶಿವಬಸವ್ವನ ಕೈಯಿಂದ ಕಿತ್ತುಕೊಂಡು ಸಿಸ್ಟರ್ ರಂಜನಾ ಕೆಂಪು ಚೀಲಕ್ಕೆ ಹಾಕಿದಳು.

"ಇನ್ನ ಮ್ಯಾಲೆ ಸಲೈನ್ ನಳಿಯಿಂದ ಮೀನು ಮಾಡಬ್ಯಾಡ್ರಿ ಮಾವಶಿ. ಸೂಜಿ ಡಬ್ಬ್ಯಾಗ ಹಾಕೂದು, ನಳಿ ಕತ್ತರಿಸಿ ಈ ಚೀಲದಾಗ ಹಾಕೂದು. ಸರಕಾರದ ನಿಯಮ ಬಂದದ."

ಕೋಥರೂಡದ ಆ ಸಣ್ಣ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಶಿವಬಸವ್ವ ಹನ್ನೊಂದು ವರ್ಷದಿಂದ ಆಯಾ. ಪುಣೆಯಲ್ಲಿ ಆಯಾಗಳೆಲ್ಲ ಮಾವಶಿಯರೇ, ಅಂದರೆ ಚಿಕ್ಕಮ್ಮಂದಿರೇ. ವಿಜಾಪುರದ ಕಡೆಯಿಂದ ಬಂದ ಇವಳೂ ಬಂದ ತಿಂಗಳಲ್ಲೇ ಎಲ್ಲರ ಮಾವಶಿಯಾದಳು. ಸಲೈನ್ ಬಾಟಲಿ ಖಾಲಿಯಾದ ಮೇಲೆ ಅದರ ನಳಿಯನ್ನು ಬಿಸಿನೀರಿನಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಗಾಯಕ್ಕೆ ಹಚ್ಚುವ ಕೆಂಪು ಔಷಧದಲ್ಲಿ ಅದ್ದಿ, ಗಂಟಿನ ಮೇಲೆ ಗಂಟು ಹಾಕಿ ಮೀನು ಹೆಣೆಯುತ್ತಿದ್ದಳು. ಮನೆಗೆ ಹೊರಟ ಮಗುವಿನ ಕೈಯಲ್ಲಿ ಅದನ್ನಿಟ್ಟು, "ನಿನ್ನ ಜ್ವರ ಎಲ್ಲಾ ಈ ಮೀನಿನ ಹೊಟ್ಟ್ಯಾಗ ಹೋತು ನೋಡು" ಎನ್ನುತ್ತಿದ್ದಳು. ಎಂಥ ದಿನಗಳವು! ಹೆಸರಿನ ಮುಂದೆ ಮೊಳದುದ್ದ ಡಿಗ್ರಿಯಿದ್ದ ಡಾಕ್ಟರರನ್ನು ಕಂಡರೆ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದ ಮಕ್ಕಳು, ಮೀನಿನ ಆಸೆಗೆ ತಾವೇ ಕೈ ಚಾಚಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದವು. ಲೂನಾ ಗಾಡಿಯ ಚಾವಿಗೆ, ಪಾಟಿಚೀಲಕ್ಕೆ, ತೊಟ್ಟಿಲ ಹಗ್ಗಕ್ಕೆ ಜೋತುಬಿದ್ದು ಆ ಮೀನುಗಳು ಇಡೀ ಕೋಥರೂಡ ತಿರುಗಿದವು. ರಂಜನಾ ತಾನೇ ಎಷ್ಟು ಮಕ್ಕಳನ್ನು ಮೀನಿನ ಹೆಸರು ಹೇಳಿ ಪುಸಲಾಯಿಸಿದ್ದಳೋ ಲೆಕ್ಕವಿಲ್ಲ. ಆದರೆ ಇದು ಎರಡು ಸಾವಿರದ ಇಸವಿ, ಅವಳು ಎರಡು ದಿನದ ತರಬೇತಿ ಮುಗಿಸಿ ನಿನ್ನೆಯಷ್ಟೇ ಬಂದಿದ್ದಳು.

"ಕುದಿಯೂ ನೀರಾಗ ತೊಳದೀನ್ರೀ ಸಿಸ್ಟರ್," ಎಂದಳು ಶಿವಬಸವ್ವ.

"ತೊಳದ್ರ ಹೋಗೂದಿಲ್ಲ ಮಾವಶಿ. ನಳಿಯೊಳಗ ರಕ್ತ ಹಿಂದಕ್ಕ ಬಂದಿರ್ತದ. ಅದರಾಗ ಜಡ್ಡು, ರೋಗ ಕುಂತಿರ್ತದ."

ಶಿವಬಸವ್ವ ನಕ್ಕಳು. "ಹನ್ನೊಂದು ವರ್ಷದಿಂದ ನಾನೂ ಅದನ್ನ ಹೇಳಾಕತ್ತೀನಿ! ಜಡ್ಡೆಲ್ಲಾ ಮೀನಿನಾಗ ಅದ ಅಂತ..." ಮಾತು ಅಲ್ಲಿಗೇ ನಿಂತಿತು. ನಗುವೂ ನಿಂತಿತು. "ಅಂದ್ರ ಸಿಸ್ಟರ್, ಇಷ್ಟು ವರ್ಷ ನಾ ಮಕ್ಕಳ ಕೈಯಾಗ ಜಡ್ಡು ಕೊಟ್ಟು ಮನೀಗೆ ಕಳಿಸೀನೇನ್ರಿ?"

ರಂಜನಾಳಿಗೆ ಆಡಿದ ಮಾತನ್ನು ನುಂಗಿಬಿಡಬೇಕೆನಿಸಿತು. "ಎಲ್ಲಾದರಾಗೂ ಇರೂದಿಲ್ಲ ಮಾವಶಿ," ಎಂದಳು. ಶಿವಬಸವ್ವ ಕೇಳಿಸಿಕೊಳ್ಳಲಿಲ್ಲ. ಕಿಟಕಿಯ ಕಡೆ ನೋಡುತ್ತಾ, ಯಾರು ಯಾರಿಗೆ ಕೊಟ್ಟೆ ಎಂದು ಬೆರಳು ಮಡಚತೊಡಗಿದಳು. ಹತ್ತು ಬೆರಳು ಯಾವ ಮೂಲೆಗೆ ಸಾಕು?

ಅದೇ ಮಧ್ಯಾಹ್ನ ನಾಲ್ಕನೇ ಮಂಚಕ್ಕೆ ಆರು ವರ್ಷದ ಹರ್ಷಾ ಬಂದಳು. ಹೋದ ವರ್ಷವೂ ಟೈಫಾಯ್ಡ್ ಆಗಿ ಇದೇ ಮಂಚದ ಮೇಲೆ ಹತ್ತು ದಿನ ಮಲಗಿದ್ದ ಹುಡುಗಿ. ಕೈಯಲ್ಲಿ ಬಣ್ಣ ಮಾಸಿದ ಮೀನು. ಅದರ ಬಾಲ ಬಾಯಿಯಲ್ಲಿತ್ತು. 

"ಇದಿಲ್ಲದಿದ್ದರೆ ಇವಳಿಗೆ ನಿದ್ದೆಯೇ ಇಲ್ಲ ಮಾವಶಿ," ಎಂದಳು ಹುಡುಗಿಯ ತಾಯಿ ಲೀಲಾಕ್ಷಿ. ಕುಂದಾಪುರದ ಕಡೆಯವಳು, ಗಂಡನದು ಪುಣೆಯ ಡೆಕ್ಕನ್ ಪೇಟೆಯಲ್ಲಿ ಹೋಟೆಲು. "ಪುನಃ ಟೈಫಾಯ್ಡ್ ಅಂತೆ."

ಶಿವಬಸವ್ವ ರಂಜನಾಳನ್ನು ಬಾಗಿಲಾಚೆ ಎಳೆದಳು. "ನನ್ನ ಮೀನಿನಿಂದ ಬಂತೇನ್ರಿ? ಆಣಿ ಮಾಡಿ ಹೇಳ್ರಿ."

"ಇಲ್ಲ ಮಾವಶಿ. ಇದು ಹೊಲಸು ನೀರಿಂದ ಬರೂ ಜ್ವರ. ಆಣಿ ಮಾಡ್ತೀನಿ."

"ಉಳದ ಮಕ್ಕಳಿಗಿ?"

ರಂಜನಾ ಸುಳ್ಳು ಹೇಳಬಹುದಿತ್ತು. ಹೇಳದೆ ಕೆಂಪು ಚೀಲವನ್ನು ಅವಳ ಕೈಗಿತ್ತಳು.

ಶಿವಬಸವ್ವ ಕೆಂಪು ಚೀಲ ಹಿಡಿದು ಮಂಚದ ಹತ್ತಿರ ಬಂದಳು. ಹರ್ಷಾಳ ಮುಖ ಅರಳಿತು. "ಮಾವಶಿ, ಈ ಸಲ ನೀಲಿ ಮೀನು ಮಾಡು. ಇದಕ್ಕೆ ಜೊತೆ ಬೇಕಲ್ಲ?"

"ಮೊದಲ ಆ ಮೀನ ನನಗ ಕೊಡವ್ವಾ."

"ಯಾಕೆ?"

"ಅದರ ಹೊಟ್ಟ್ಯಾಗ ಹಳೇ ಜ್ವರ ಅದ."

"ನನಗೆ ಗೊತ್ತುಂಟು. ನೀನೇ ಹೇಳಿದ್ದಲ್ವಾ?" ಹುಡುಗಿ ದೊಡ್ಡವರ ಹಾಗೆ ಹುಬ್ಬು ಏರಿಸಿದಳು. "ಅದಕ್ಕೇ ನಾನು ಯಾರಿಗೂ ಮುಟ್ಟಲಿಕ್ಕೆ ಬಿಡಲಿಲ್ಲ. ಪುಟ್ಟ ತಂಗಿ ಎಷ್ಟು ಅತ್ತರೂ ಕೊಡಲಿಲ್ಲ. ಅವಳಿಗೆ ಬಂದರೆ?"

ಶಿವಬಸವ್ವ ಮಂಚದ ಅಂಚಿಗೆ ಕುಳಿತಳು. ಹುಡುಗಿಯ ಬಿಸಿ ಹಣೆಯ ಮೇಲೆ ಕೈಯಿಟ್ಟು, "ಶಾಣ್ಯಾ ಆದಿ ನನ್ನವ್ವಾ. ಇನ್ನ ಅದನ್ನ ಕಾಯೂದು ಬ್ಯಾಡ. ಇದರಾಗ ಹಾಕು," ಎಂದಳು. ಹರ್ಷಾ ಮೀನನ್ನು ಒಮ್ಮೆ ನೋಡಿದಳು, ತಾಯಿಯ ಮುಖ ನೋಡಿದಳು, ಆಮೇಲೆ ತಾನಾಗಿಯೇ ಚೀಲದೊಳಗೆ ಬಿಟ್ಟಳು. ಬಿಟ್ಟ ಕೈಯನ್ನು ಹಾಗೇ ಸಲೈನಿಗೆ ಚಾಚಿದಳು.

ವಾರ್ಡಿನ ಆ ತುದಿಯಲ್ಲಿ ರಂಜನಾ ಕೈಗವಸು ತೊಟ್ಟು ಚೀಲದಿಂದ ಮೀನನ್ನು ಹೊರತೆಗೆದಳು. ಕತ್ತರಿಸದೆ ಹಾಗೇ ಹಾಕುವಂತಿರಲಿಲ್ಲ. ಹನ್ನೊಂದು ವರ್ಷದ ಕೆಲಸ ಶಿವಬಸವ್ವನದು, ಕೊನೆಯದೂ ಅವಳ ಕೈಯಿಂದಲೇ ಆಗಲಿ ಎಂದುಕೊಂಡು ಇನ್ನೊಂದು ಜೊತೆ ಕೈಗವಸನ್ನೂ ಕತ್ತರಿಯನ್ನೂ ಶಿವಬಸವ್ವನ ಮುಂದೆ ಹಿಡಿದಳು.

ಶಿವಬಸವ್ವ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ನೀವ ಕತ್ತರಸ್ರಿ ಸಿಸ್ಟರ್. ನನ್ನ ಕೈಗೋಳಿಗಿ ಕೊಟ್ರ ಅವು ಕತ್ತರಸೂದು ಬಿಟ್ಟು ಗಂಟು ಬಿಚ್ಚಾಕ ಹೋಗ್ತಾವ."