ಬಲಗಡೆಯ ಕತ್ತಲು

ಕಪ್ಪು ಪರದೆ ಒಮ್ಮೆ ಮಿನುಗಿ, ಲಿನಕ್ಸ್‌ನ ನೀಲಿ ಡೆಸ್ಕ್‌ಟಾಪ್ ಅಂಚಿನಿಂದ ಅಂಚಿಗೆ ಹರಡಿಕೊಂಡಾಗ ಜಯಪ್ರಿಯಾ ಕೈಮುಗಿದಳು. ಪರದೆಯನ್ನು ನಡೆಸುವ ತಂತ್ರಾಂಶ, ಗ್ರಾಫಿಕ್ಸ್ ಡ್ರೈವರ್, ಕೊನೆಗೂ ಸರಿಯಾಗಿ ಕೂತಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಚಿತ್ರ ಬರೆದುಕೊಡುವ ಗಂಡ ಭೂಪತಿ, ಪರದೆಯ ಬಲಭಾಗ ಕಾಣುವುದಿಲ್ಲವೆಂದು ವಾರದಿಂದ ಗೊಣಗುತ್ತಿದ್ದ. ಪರದೆ ಆಗಾಗ ನಡುಗುತ್ತಿದ್ದುದರಿಂದ ಅವಳೂ ಹಳೆಯ ಡ್ರೈವರನ್ನೇ ದೂರಿ, ತಾನೇ ಕೂತು ಹೊಸದನ್ನು ಹಾಕಿದ್ದಳು.

“ಪಾರುಂಗ, ನೋಡಿ, ಈಗ ಪೂರಾ ಕಾಣ್ತದೆ,” ಎಂದಳು.

“ಎಲ್ಲಿ ಪ್ರಿಯಾ? ಬಲಗಡೆ ಇನ್ನೂ ಇರುಟ್ಟೇ ಇದೆ.”

ಆ ಕತ್ತಲು ಅವಳಿಗೆ ಕಾಣಲಿಲ್ಲ. ಬಲಮೂಲೆಯ ಗಡಿಯಾರದ ಒಂದೊಂದು ಅಂಕಿಯೂ ಸ್ಪಷ್ಟವಾಗಿತ್ತು. ಕೀಬೋರ್ಡಿನತ್ತ ಮತ್ತೆ ಚಾಚಿದ ಕೈಯನ್ನು ಅವಳು ಅರ್ಧದಲ್ಲೇ ತಡೆದು, ಅವನ ಬಲಗಣ್ಣಿನ ಪಕ್ಕಕ್ಕೆ ತಂದು ಮೆಲ್ಲನೆ ಬೆರಳಾಡಿಸಿದಳು.

“ನೇರ ನೋಡ್ತಾನೇ ಹೇಳಿ. ನನ್ನ ಕೈ ಎಲ್ಲಿದೆ?”

“ಕೀಬೋರ್ಡ್ ಮೇಲೆ ತಾನೆ?” ಭೂಪತಿ ನಕ್ಕ. “ಇನ್ನೊಂದು ದಪಾ ಆಫ್ ಮಾಡಿ ಆನ್ ಮಾಡು, ಸರಿಹೋಗ್ತದೆ.”

ಜಯಪ್ರಿಯಾ ಆಫ್ ಮಾಡಿದಳು. ಆ ಬೆರಳುಗಳಿಂದಲೇ ಅವನ ಬಲಗೆನ್ನೆ ಮುಟ್ಟಿದಳು. ಅವನು ಬೆಚ್ಚಿಬಿದ್ದ.

“ಕಂಪ್ಯೂಟರ್ ಸರಿಯಾಗಿದೆ,” ಎಂದಳು. “ಎದ್ದೇಳಿ, ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋಗೋಣ.”